ಗೇಮಿನ ಪುಟ್ಟ ಪೆಟ್ಟಿಗೆಗೆ ಯಾವ ಲಿನಕ್ಸ್?

ಟಿವಿ ಪಕ್ಕ ಇಟ್ಟು ಗೇಮ್ ಆಡುವ ಮಿನಿ ಪಿಸಿಗೆ ಯಾವ ಲಿನಕ್ಸ್ ಹಾಕಬೇಕು? ಈ ಚರ್ಚೆ ಶುರುವಾದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬಲ್ಲೇ ಗಿರಕಿ ಹೊಡೆಯುತ್ತದೆ. ಅದು ವ್ಯರ್ಥ ಜಗಳ. 2018ರಲ್ಲಿ ಸ್ಟೀಮ್ ಅಂಗಡಿಯ ವಾಲ್ವ್ ಕಂಪನಿ ಪ್ರೋಟಾನ್ ಎಂಬ ಹೊಂದಾಣಿಕೆ ಪದರ ತಂದ ಮೇಲೆ ಸ್ಟೀಮ್‌ನ ಬಹುಪಾಲು ವಿಂಡೋಸ್ ಗೇಮುಗಳು ಯಾವ ಲಿನಕ್ಸ್ ಡಿಸ್ಟ್ರೊದಲ್ಲಾದರೂ ಅದರ ಮೂಲಕವೇ ಓಡುತ್ತವೆ. ಎಎಂಡಿ ಚಿಪ್ ಇದ್ದರೆ ಗ್ರಾಫಿಕ್ಸ್ ಡ್ರೈವರ್ ಕೂಡ ಎಲ್ಲದರಲ್ಲೂ ಒಂದೇ, ಮೆಸಾ ಯೋಜನೆಯದು. ಕರ್ನಲ್ ತೀರ ಹಳೆಯದಾಗಿರಬಾರದು, ಅಷ್ಟೇ.

ಆಗಾಗ ಕರೆಂಟು ಹೋಗುವ ಮಸಗುಪ್ಪಿಯಂಥ ಊರಲ್ಲಿ ಕೇಳಬೇಕಾದದ್ದು ಬೇರೆ: ಅಪ್‌ಡೇಟ್ ಆಗುವಾಗ ಕರೆಂಟು ಹೋದರೆ? ವಾಲ್ವ್‌ನ ಕೈಯಲ್ಲಿ ಹಿಡಿದಾಡುವ ಸ್ಟೀಮ್ ಡೆಕ್‌ಗೆ ಬ್ಯಾಟರಿ ಇದೆ, ಮಿನಿ ಪಿಸಿಗೆ ಇಲ್ಲ. ಲಿನಕ್ಸ್ ಮಿಂಟ್, ಉಬುಂಟು ಓಡುತ್ತಿರುವ ವ್ಯವಸ್ಥೆಯಲ್ಲೇ ಪ್ಯಾಕೇಜುಗಳನ್ನು ಒಂದೊಂದಾಗಿ ಬದಲಿಸುತ್ತವೆ. ನಡುವೆ ಕರೆಂಟು ಹೋದರೆ ಅರ್ಧ ಹೊಸದು, ಅರ್ಧ ಹಳೆಯದು. ಆಮೇಲೆ ಟರ್ಮಿನಲ್ ತೆರೆದು ಡಿಪಿಕೆಜಿ ಎಂಬ ಪ್ಯಾಕೇಜ್ ಸಾಧನವನ್ನು ಸರಿಪಡಿಸುತ್ತ ಕೂರಬೇಕು. ಫೆಡೋರಾ ಆಧಾರದ ಬಜೈಟ್ ಹಾಗಲ್ಲ. ಹೊಸ ವ್ಯವಸ್ಥೆಯನ್ನು ಪೂರ್ತಿ ಬದಿಗೆ ಸಿದ್ಧಮಾಡಿಟ್ಟು, ರೀಸ್ಟಾರ್ಟ್ ಆದಾಗ ಅದಕ್ಕೆ ಹಾಯುತ್ತದೆ. ಸಿದ್ಧವಾಗದಿದ್ದರೆ ಹಳೆಯದೇ ಏಳುತ್ತದೆ. ಹೊಸದು ಕೆಟ್ಟರೂ ಬೂಟ್ ಮೆನುವಿನಲ್ಲಿ ಹಿಂದಿನದು ಇರುತ್ತದೆ.

ಸ್ಟೀಮ್ ಡೆಕ್‌ನಲ್ಲಿರುವ ವಾಲ್ವ್‌ನದೇ ಸ್ಟೀಮ್‌ಓಎಸ್‌ಗೂ ಇದೇ ಗಟ್ಟಿತನ ಉಂಟು, ಎರಡು ಪಾರ್ಟಿಷನ್‌ಗಳನ್ನು ಅದಲುಬದಲು ಮಾಡುತ್ತದೆ. ಆದರೆ ಅದರಲ್ಲಿ ಪ್ಯಾಕ್‌ಮ್ಯಾನ್ ಎಂಬ ಪ್ಯಾಕೇಜ್ ಸಾಧನದಿಂದ ಹಾಕಿಕೊಂಡ ಕನ್ನಡ ಟೈಪಿಂಗ್ ಸಾಧನ ಮುಂದಿನ ಅಪ್‌ಡೇಟ್‌ಗೆ ಅಳಿಸಿಹೋಗುತ್ತದೆ. ಸಂಜೆ ಗೇಮ್ ಆಡುವ ಪೆಟ್ಟಿಗೆಯಲ್ಲೇ ಬೆಳಿಗ್ಗೆ ಅರ್ಜಿ ಟೈಪ್ ಮಾಡುವ ಮನೆಗೆ ಇದು ಸಣ್ಣ ಕೊರತೆಯಲ್ಲ. ಬಜೈಟ್‌ನಲ್ಲಿ ಆರ್‌ಪಿಎಂ-ಓಸ್ಟ್ರೀ ಎಂಬ ಸಾಧನದ ಮೂಲಕ ಸೇರಿಸಿದ್ದು ಅಪ್‌ಡೇಟ್ ಬಂದರೂ ಉಳಿಯುತ್ತದೆ.

ಬಜೈಟ್‌ನ ದೊಡ್ಡ ದೋಷ ಡೇಟಾ. ಅದರ ಅಪ್‌ಡೇಟ್‌ಗಳು ಕೆಲವೊಮ್ಮೆ ಗಿಗಾಬೈಟ್‌ಗಟ್ಟಲೆ. ಫೈಬರ್ ಬಂದ ಮನೆಗೆ ನಾನು ಆದರೂ ಬಜೈಟ್ ಅನ್ನೇ ಹೇಳುತ್ತೇನೆ. ಮೊಬೈಲ್ ಹಾಟ್‌ಸ್ಪಾಟ್ ಒಂದನ್ನೇ ನಂಬಿದ ಮನೆಗೆ ಮಿಂಟ್ ಮೇಲು; ವ್ಯವಸ್ಥೆಯ ನಕಲು ಉಳಿಸುವ ಟೈಮ್‌ಶಿಫ್ಟ್ ಸಜ್ಜುಮಾಡಿಟ್ಟು, ಅಪ್‌ಡೇಟ್ ಮಾಡುವಾಗ ಯುಪಿಎಸ್‌ಗೆ ಸಿಕ್ಕಿಸಿದರಾಯಿತು.

ಇನ್ನೊಂದು ಮಾತು, ಪೆಟ್ಟಿಗೆ ಕೊಳ್ಳುವ ಮೊದಲೇ ಮಕ್ಕಳ ಜೊತೆ ಆಡಬೇಕಾದದ್ದು. ಕೌಂಟರ್-ಸ್ಟ್ರೈಕ್ 2, ಡೋಟಾ 2 ಲಿನಕ್ಸ್‌ನಲ್ಲಿ ನೇರವಾಗಿ ಓಡುತ್ತವೆ. ವ್ಯಾಲರಂಟ್, ಫೋರ್ಟ್‌ನೈಟ್ ಓಡುವುದಿಲ್ಲ. ಅವುಗಳ ಮೋಸತಡೆ ವ್ಯವಸ್ಥೆ ಬಿಡುವುದಿಲ್ಲ. ಅವೇ ಬೇಕೆಂದರೆ ವಿಂಡೋಸ್‌ನಲ್ಲೇ ಇರಿ.