ಬೆಳಕೂ ಕಪಾಟೂ: ಮಾರ್ಸೇ ವಸತಿಸೌಧದ ನವೀಕರಣವನ್ನು ಕುರಿತು

ಹಳೆಯದಾದ ಆಧುನಿಕ ವಸತಿಗಳನ್ನು ನವೀಕರಿಸಹೊರಟವರು ಸಾಮಾನ್ಯವಾಗಿ ಎರಡು ಅಪೇಕ್ಷೆಗಳನ್ನು ಜೊತೆಯಾಗಿಯೇ ಮುಂದಿಡುತ್ತಾರೆ: ಹಗಲಿನ ಬೆಳಕು ಹೆಚ್ಚಬೇಕು, ಸಾಮಾನು ಸರಂಜಾಮಿಗೆ ಎಡೆ ಹೆಚ್ಚಬೇಕು. ಇವೆರಡೂ ಒಂದೇ ಗೋಡೆಗಾಗಿ ಸ್ಪರ್ಧಿಸುತ್ತವೆಂಬುದನ್ನು ಅವರು ಗಮನಿಸಿದಂತೆ ತೋರುವುದಿಲ್ಲ. ಫ್ರಾನ್ಸಿನ ಮಾರ್ಸೇ ನಗರದಲ್ಲಿ 1947ರಿಂದ 1952ರವರೆಗೆ ಲ ಕಾರ್ಬೂಸಿಯೆ ಕಟ್ಟಿಸಿದ ವಸತಿಸೌಧವು ಈ ವಿಷಯದ ಪರೀಕ್ಷೆಗೆ ತಕ್ಕ ನಿದರ್ಶನವಾಗಿದೆ.

ಈ ಸೌಧದಲ್ಲಿ 337 ಮನೆಗಳಿವೆ. ವಿನ್ಯಾಸದಲ್ಲಿ ಅವು 23 ಬಗೆ. ಸಾಮಾನ್ಯ ಮನೆಯೊಂದರ ಅಗಲ 3.66 ಮೀಟರು, ಸೂರಿನ ಎತ್ತರ 2.26 ಮೀಟರು. ಎರಡು ಅಂತಸ್ತುಗಳಲ್ಲಿ ಒಂದಾದರೋ ಸೌಧದ ಪೂರ್ವಮುಖದಿಂದ ಪಶ್ಚಿಮಮುಖದವರೆಗೆ, ಸುಮಾರು 24 ಮೀಟರು ಹಬ್ಬಿದೆ. ಪಕ್ಕದ ಗೋಡೆಗಳಾಚೆ ನೆರೆಯವರಿರುವುದರಿಂದ ಬೆಳಕಿಗೆ ಎರಡು ತುದಿಗಳೇ ಗತಿ, ನಡುಭಾಗವು ಕತ್ತಲೆಯದು. ವಾಸ್ತುಶಿಲ್ಪಿಯು ಈ ಕತ್ತಲೆಯನ್ನು ವ್ಯರ್ಥವಾಗಿ ಬಿಡದೆ ಸ್ನಾನದ ಮನೆಯನ್ನೂ ಬಟ್ಟೆಯ ಕಪಾಟುಗಳನ್ನೂ ಅಲ್ಲಿಗೇ ಒಯ್ದನು. ಅಡಿಗೆಯ ಮನೆಯ ವಿನ್ಯಾಸದಲ್ಲಿ ಷಾರ್ಲತ್ ಪೆರಿಯಾಂ ಎಂಬಾಕೆಯ ಪಾಲು ದೊಡ್ಡದು. ಅಲ್ಲಿ ಊಟದ ಕಡೆಗೆ ತೆರೆದಿರುವ ಕಪಾಟೇ ಗೋಡೆಯ ಕೆಲಸವನ್ನೂ ಮಾಡುತ್ತದೆ.

ಕುಳಿತುಕೊಳ್ಳುವ ಕೋಣೆಗೆ ಮಾತ್ರ ಎರಡಂತಸ್ತಿನ ಎತ್ತರ, ಎಂದರೆ 4.80 ಮೀಟರು. ಇದು ಬರಿಯ ವೈಭವವೆಂದು ಬಗೆದು, ನಡುವೆ ತೊಲೆ ಹಾಕಿ ಅಟ್ಟ ಕಟ್ಟಿದರೆ ಇನ್ನೊಂದು ಕೋಣೆ ದೊರೆಯುವುದಲ್ಲವೆ, ಎಂದು ಲೆಕ್ಕ ಹಾಕಬಹುದು. ಈ ಲೆಕ್ಕ ನಿಲ್ಲುವಂಥದಲ್ಲ. ಕಿಟಕಿಯ ನೆತ್ತಿಯ ಎತ್ತರದ ಸುಮಾರು ಎರಡರಷ್ಟು ದೂರದವರೆಗೆ ಹಗಲ ಬೆಳಕು ಉಪಯುಕ್ತವಾಗಿ ಒಳಹೊಗುವುದೆಂಬುದು ಬಲ್ಲವರ ಸ್ಥೂಲ ನಿಯಮ. ಅದರಂತೆ 4.80 ಮೀಟರಿನ ತೆರಪು ಒಂಬತ್ತು ಮೀಟರಿಗೂ ಮಿಕ್ಕು ಬೆಳಗೀತು. ಅಟ್ಟ ಬಂದೊಡನೆ ಕೆಳಗಿನವರಿಗೆ ಉಳಿಯುವುದು ನಾಲ್ಕೂವರೆ ಮೀಟರು. ಹೊರಗಣ ಕಾಂಕ್ರೀಟಿನ ಬಿಸಿಲುಮರೆಗಳನ್ನು ಎಣಿಕೆಗೆ ತಂದರೆ ಅದೂ ಇಲ್ಲ. ದೊರೆತ ಕೋಣೆಗೆ ಬೆಲೆಯಾಗಿ ಊಟದ ಮೇಜಿನ ಮೇಲಣ ಹಗಲನ್ನೇ ತೆತ್ತಂತಾಗುತ್ತದೆ.

ಇದಕ್ಕೆ ವಿರುದ್ಧವಾದ ಪ್ರಮಾದವೂ ಉಂಟು. ನಡುವಣ ಕಪಾಟುಗಳನ್ನು ಕಿತ್ತು ಬಯಲು ಮಾಡಿದರೆ ಬೆಳಕು ತಾನಾಗಿ ಹರಿದುಬರುವುದೆಂಬ ನಂಬಿಕೆ ಈಗಿನ ನವೀಕರಣಗಳಲ್ಲಿ ಬಲು ಪ್ರಬಲವಾಗಿದೆ. ತುದಿಯಿಂದ ಹನ್ನೆರಡು ಮೀಟರು ದಾಟಿ ಬರತಕ್ಕ ಬೆಳಕು ಅತ್ಯಲ್ಪ. ಕಿತ್ತ ಕಪಾಟಿನ ಬಟ್ಟೆಬರೆಗಳು ಮಾತ್ರ ತಪ್ಪದೆ ಕಿಟಕಿಯ ಬಳಿಗೆ ಬಂದು ನಿಲ್ಲುತ್ತವೆ.

ಹಾಗೆಂದು ಮೂಲದಲ್ಲಿರುವುದೆಲ್ಲ ಮುಟ್ಟಬಾರದ್ದೆಂದು ಹೇಳುವಂತಿಲ್ಲ. 2016ರಲ್ಲಿ ಯುನೆಸ್ಕೋ ಈ ಸೌಧವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಒಳಗಿರುವವರ ಇಕ್ಕಟ್ಟೂ ಪರಂಪರೆಯಾಗಬೇಕಾಗಿಲ್ಲ. ಮಕ್ಕಳ ಕೋಣೆಗಳೆರಡೂ ಸೇರಿ ಒಂದು ಮನೆಯ ಅಗಲ. ಒಂದೊಂದಕ್ಕೆ ಸುಮಾರು 1.8 ಮೀಟರು! ಇಲ್ಲಿ ಮಂಚದ ಕೆಳಗೆ ಎಳೆಯುವ ಖಾನೆಗಳನ್ನು ಅಳವಡಿಸುವುದೂ ಒಳಗೋಡೆಗೆ ಸೂರಿನವರೆಗೆ ಕಪಾಟು ಕಟ್ಟುವುದೂ ಸರ್ವಥಾ ಯುಕ್ತ. ಆದರೆ ಆ ಕೋಣೆಗಳ ನಡುವೆ ಜಾರುವ ತಡಿಕೆಯೊಂದಿದೆ. ಅದೇ ಮಕ್ಕಳಿಗೆ ಬರೆಯುವ ಕರಿಹಲಗೆ, ಅದನ್ನು ಸರಿಸಿದರೆ ಎರಡು ಕೋಣೆಗಳ ಬೆಳಕೂ ಒಂದಾಗುತ್ತದೆ. ಕಪಾಟು ಎಲ್ಲಿಯಾದರೂ ಬರಲಿ, ಆ ತಡಿಕೆಯ ಹಾದಿಗೆ ಅಡ್ಡವಾಗಿ ಬರಬಾರದು.