ವೇಷ ಮತ್ತು ತತ್ತ್ವಪದ: ರಘು ದೀಕ್ಷಿತರ ತಂಡವನ್ನು ಕುರಿತು

ಇಂಗ್ಲೆಂಡಿನಲ್ಲಿ 1970ರ ದಶಕದ ಆದಿಯಲ್ಲಿ 'ಗ್ಲಾಮ್ ರಾಕ್' ಎಂಬ ಸಂಗೀತಪಂಥವು ಪ್ರಬಲವಾಯಿತು. ಅದರ ಅಗ್ರಗಾಯಕನಾದ ಡೇವಿಡ್ ಬೋವೀ, ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ಕಲ್ಪಿತ ಪಾತ್ರವನ್ನು 1972ರಲ್ಲಿ ಧರಿಸಿ, 1973ರ ಜುಲೈ 3ರಂದು ಲಂಡನ್ನಿನ ರಂಗದ ಮೇಲೆಯೇ ತ್ಯಜಿಸಿದನು. ಅಲ್ಲಿ ವೇಷವು ಗಾಯಕನ ಸ್ವಂತ ಸೃಷ್ಟಿ.

ನಮ್ಮಲ್ಲಿ ಇದಕ್ಕೆ ಸಮೀಪವಾದುದು ಮೈಸೂರಿನಲ್ಲಿ ಬೆಳೆದ ಶ್ರೀ ರಘು ದೀಕ್ಷಿತರ ತಂಡ. ಭರತನಾಟ್ಯವನ್ನು ಕಲಿತ ಇವರು ಬಣ್ಣದ ಲುಂಗಿಯುಟ್ಟು, ಗೆಜ್ಜೆ ಕಟ್ಟಿ, ಗಿಟಾರು ಹಿಡಿದು ಹಾಡಿ ಪ್ರಸಿದ್ಧರಾದರು. ಮೊದಲ ಧ್ವನಿಮುದ್ರಿಕೆ 2008ರಲ್ಲಿ ಹೊರಬಂದಿತು. 2011ರಲ್ಲಿ ತಂಡವು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು. ಇಲ್ಲಿ ವೇಷವು ಕಲ್ಪಿತವಲ್ಲ, ನಾಡಿನ ಉಡುಗೆಯೇ.

ಆದರೆ ಆ ಮುದ್ರಿಕೆಯಲ್ಲಿ ಶಿಶುನಾಳ ಶರೀಫರ (1819–1889) ಗುಡುಗುಡಿಯ ಪದವೂ ಇದೆ. ಹುಕ್ಕವನ್ನು ರೂಪಕವಾಗಿಸಿ ದೇಹ ಮನಗಳ ವಿಚಾರವನ್ನು ಹೇಳುವ ಪದವದು. ವಾದ್ಯಗಳ ವೇಗದಲ್ಲಿ ಹೊಗೆ ಉಳಿದು ತತ್ತ್ವ ಕರಗುವುದೆಂಬ ಆಕ್ಷೇಪವನ್ನು ನಾವು ಅಲ್ಲಗಳೆಯಲಾರೆವು.

ಆದರೂ ಇತಿಹಾಸದ ದೃಷ್ಟಿಯಿಂದ ಈ ಆಕ್ಷೇಪವು ಅಪೂರ್ಣ. ಭಜನೆಯಲ್ಲಿ ಉಳಿದುಬಂದ ಶರೀಫರ ಪದಗಳಿಗೆ ಸಿ. ಅಶ್ವತ್ಥರು ಸುಗಮಸಂಗೀತದ ಉಡುಪನ್ನು ತೊಡಿಸಿದರು. 1990ರ 'ಸಂತ ಶಿಶುನಾಳ ಶರೀಫ' ಚಿತ್ರವು ಅವನ್ನು ಮನೆಮನೆಗೂ ಮುಟ್ಟಿಸಿತು. ಪ್ರತಿಯೊಂದು ತಲೆಮಾರೂ ಪದದ ವೇಷವನ್ನು ಬದಲಿಸಿದೆ. ಮಡಿವಾಳದ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಶರೀಫರ ಹೆಸರನ್ನು ಮೊದಲು ಕೇಳಿದ್ದು ಈ ಗಿಟಾರಿನಿಂದಲೇ. ಗಾಯಕನು ಬಾಗಿಲು ತೆರೆದಿದ್ದಾನೆ. ಪದದ ಅರ್ಥವನ್ನು ಬಿಡಿಸಿ ಹೇಳುವ ಹೊಣೆ ಅಧ್ಯಾಪಕರಾದ ನಮ್ಮದು.