ಸೂರಿನ ಸಂದಿಯ ಗೋಪುರಗಳು

ಬಸರಾಳು ನಮ್ಮ ಹೊಳಲಿನಂತೆಯೇ ಮಂಡ್ಯ ತಾಲ್ಲೂಕಿನ ಊರು. ಆದರೂ ನಮ್ಮ ಕಡೆಯವರು ವ್ಯಾನು ಮಾಡಿಕೊಂಡು ಬೇಲೂರು, ಹಳೇಬೀಡಿಗೆ ಹೋಗುತ್ತಾರೆಯೇ ಹೊರತು ಬಸರಾಳಿನ ಮಲ್ಲಿಕಾರ್ಜುನನ ಕಡೆ ತಲೆ ಹಾಕುವವರು ಕಡಿಮೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಂಡನಾಯಕ ಕಟ್ಟಿಸಿದ ಗುಡಿ ಅದು. ಹೋದವರೂ ಕೈಲಾಸ ಎತ್ತುವ ರಾವಣನ ಮುಂದೆ ನಿಂತು ಫೋಟೊ ತೆಗೆದು ಹೊರಟುಬಿಡುತ್ತಾರೆ. ಇನ್ನೊಂದು ಮೊಳ ಮೇಲಕ್ಕೆ ಕಣ್ಣು ಹಾಯಿಸಿ ಎನ್ನುವುದು ನನ್ನ ಹಳೆಯ ತಕರಾರು.

ವಿಗ್ರಹಗಳ ನೆತ್ತಿಯ ಮೇಲೆ ಒಂದು ಕಲ್ಲಿನ ಸೂರು, ಅದಕ್ಕೂ ಮೇಲೆ ಮತ್ತೊಂದು. ಎರಡರ ನಡುವಿನ ಸಂದಿಯಲ್ಲಿ, ಅರೆಗಂಬಗಳ ತಲೆಯ ಮೇಲೆ, ಪುಟ್ಟ ಗೋಪುರಗಳ ಸಾಲು. ಬರೀ ಅಲಂಕಾರವೆಂದು ದಾಟಿ ಹೋಗಬೇಡಿ. ಮೂಲೆಗೆ ಕೂಟವೆಂಬ ಚೌಕದ ಕಿರುಗುಡಿ, ನಡುವೆ ಶಾಲೆಯೆಂಬ ಉದ್ದನೆಯ ಕಿರುಗುಡಿ, ಅಂತಸ್ತಿನ ಮೇಲೆ ಅಂತಸ್ತು, ತುದಿಗೆ ಶಿಖರ, ಕಳಸ. ದೊಡ್ಡ ಗೋಪುರದಲ್ಲಿ ಇರುವ ಅಂಗಗಳೆಲ್ಲ ಇಲ್ಲಿ ಅಂಗೈಯಗಲದಲ್ಲಿವೆ. ಕರ್ನಾಟಕದ ದ್ರಾವಿಡ ಗುಡಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಆಡಂ ಹಾರ್ಡಿ ಅವರು ಇನ್ನೂ ಮುಂದೆ ಹೋಗಿ, ದೊಡ್ಡ ಗೋಪುರವೇ ಚಿಕ್ಕ ಚಿಕ್ಕ ಗುಡಿಗಳ ಜೋಡಣೆ ಎಂದು ತೋರಿಸಿಕೊಟ್ಟರು.

ಕೆತ್ತಿದವರಿಗೆ ತಾವು ಏನು ಕೆತ್ತುತ್ತಿದ್ದೇವೆ ಎಂಬುದು ಚೆನ್ನಾಗಿಯೇ ಗೊತ್ತಿತ್ತು. ನಮ್ಮೂರಿನ ಹೆಸರಿನದೇ ಇನ್ನೊಂದು ಹೊಳಲು ಹೂವಿನಹಡಗಲಿ ತಾಲ್ಲೂಕಿನಲ್ಲಿದೆ. ಅಲ್ಲಿನ ಅಮೃತೇಶ್ವರ ಗುಡಿಯ ಶಾಸನ ಬಮ್ಮೋಜನೆಂಬ ಶಿಲ್ಪಿಯನ್ನು ನಾಗರ, ಕಾಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಬಗೆಯ ಕಟ್ಟಡಗಳಲ್ಲಿ ಪಳಗಿದವನೆಂದು ಹೊಗಳುತ್ತದೆ. ತಾವು ಕಟ್ಟುವುದು ದ್ರಾವಿಡವಾದರೂ ಉಳಿದ ಬಗೆಗಳ ಗೋಪುರಗಳನ್ನು ಗೋಡೆಯ ಮೇಲೆ ಮಾದರಿಯಾಗಿ ಇಟ್ಟ ಜನ ಇವರು.

ಇಂಥ ಮಾದರಿಯ ಬೆಲೆ ತಿಳಿಯುವುದು ಬೇಲೂರಿನಲ್ಲಿ. 1117ರ ಚೆನ್ನಕೇಶವನಿಗೆ ಈಗ ಗೋಪುರವಿಲ್ಲ. ಇಟ್ಟಿಗೆ, ಗಾರೆ, ಮರದಿಂದ ಮಾಡಿದ್ದು ಮತ್ತೆ ಮತ್ತೆ ಶಿಥಿಲವಾಗಿ, ಕೊನೆಗೆ 19ನೇ ಶತಮಾನದಲ್ಲಿ ಕೆಳಗಿನ ಗರ್ಭಗುಡಿಯನ್ನು ಉಳಿಸಲೆಂದು ಇಳಿಸಿಬಿಟ್ಟರು. ಆದರೆ ಬಾಗಿಲ ಮೆಟ್ಟಿಲುಗಳ ಅಕ್ಕಪಕ್ಕ ನಿಂತ ಕಿರುಗುಡಿಗಳ ಮೇಲಿರುವುದು ಭೂಮಿಜ ಶೈಲಿಯ ಗೋಪುರ: ನಾಲ್ಕು ದಿಕ್ಕಿಗೆ ನಾಲ್ಕು ಪಟ್ಟಿ, ಅವುಗಳ ನಡುವೆ ಪುಟಾಣಿ ಶಿಖರಗಳ ನಿಲುಸಾಲುಗಳು. ಕಳೆದುಹೋದದ್ದೂ ಹಾಗೆಯೇ ಇದ್ದಿರಬೇಕು ಎಂಬುದು ಹೊಯ್ಸಳ ಗುಡಿಗಳನ್ನು ಸುತ್ತಿ ಬರೆದ ಡಚ್ ವಿದ್ವಾಂಸ ಗೆರಾರ್ಡ್ ಫೂಕೆಮಾ ಅವರ ಊಹೆ. ನನಗೂ ಅದು ಒಪ್ಪಿಗೆ.

ಕಟ್ಟಡದ ಮಾದರಿಗಳು ಬೇರೆ ಕಡೆಯೂ ಇವೆ: ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಅದರ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ 1673-74ರಲ್ಲಿ ಮಾಡಿಸಿದ ಓಕ್ ಮರದ ಮಾದರಿ ಇದೆ. ಆರು ಮೀಟರಿಗೂ ಉದ್ದ. ಅರಸ ಒಪ್ಪಿದ, ಪಾದ್ರಿಗಳು ಒಪ್ಪಲಿಲ್ಲ, ಆ ಮಾದರಿಯ ಚರ್ಚು ಏಳಲೇ ಇಲ್ಲ. ಅವರದು ಕಟ್ಟದ ಕಟ್ಟಡದ ಮಾದರಿ, ನಮ್ಮದು ಬಿಚ್ಚಿದ ಕಟ್ಟಡದ್ದು. ಅವರದಕ್ಕೆ ಮಾಡು, ಮನೆ, ಕಾವಲು ಎಲ್ಲ ಇದೆ. ನಮ್ಮದು ಮಳೆಗೆ, ಬಿಸಿಲಿಗೆ, ಬಾವಲಿಗೆ ಒಡ್ಡಿಕೊಂಡು ನಿಂತಿದೆ.

ಹಾಗೆ ನಿಂತರೂ ಕೆಟ್ಟಿದ್ದು ಕಡಿಮೆ; ಕೆಡಿಸಿದ್ದೇ ಹೆಚ್ಚು. ಗಣಿಯಿಂದ ತೆಗೆದಾಗ ಈ ಗುಡಿಗಳ ಬಳಪದ ಕಲ್ಲು ಮೃದು, ಗಾಳಿಗೆ ಬಿದ್ದ ಮೇಲೆ ಗಡಸಾಗುತ್ತದೆ. ಆ ಗಡಸು ಮೇಲ್ಮೈಯೇ ಅದರ ಕವಚ. ಮರಳು ಚಿಮ್ಮಿಸಿ ತೊಳೆದರೂ, ಆಸಿಡ್ ಹಾಕಿ ಉಜ್ಜಿದರೂ ಮೊದಲು ಹೋಗುವುದು ಕವಚ. ಅದರ ಜೊತೆಗೇ ಉಗುರಿನಷ್ಟು ದಪ್ಪದ ಕಳಸ, ಕೂದಲೆಳೆಯ ಕೊರೆತ. ದೊಡ್ಡ ಗೋಪುರದಲ್ಲಿ ಅರ್ಧ ಅಂಗುಲ ಸವೆದರೆ ಯಾರಿಗೂ ತಿಳಿಯದು. ಕಿರುಗೋಪುರದಲ್ಲಿ ಅರ್ಧ ಅಂಗುಲವೆಂದರೆ ಒಂದು ಅಂತಸ್ತು. ಜೀರ್ಣೋದ್ಧಾರದ ಉತ್ಸಾಹದಲ್ಲಿ ಬಿರುಕಿಗೆ ಸಿಮೆಂಟು ತುಂಬುವುದಂತೂ ಬೇಡವೇ ಬೇಡ. ಅದರ ಉಪ್ಪು ಕಲ್ಲಿಗಿಳಿದು ಚಕ್ಕೆ ಏಳಿಸುತ್ತದೆ. ಸುಣ್ಣದ ಗಾರೆ ಸಾಕು. ಕಬ್ಬಿಣದ ಗೂಟವೂ ಬೇಡ. ತುಕ್ಕು ಹಿಡಿದು ಊದಿ, ಒಳಗಿನಿಂದಲೇ ಕಲ್ಲನ್ನು ಸೀಳುತ್ತದೆ. ಮುರಿದ ತುಂಡು ಅಂಗಳದಲ್ಲಿ ಸಿಕ್ಕಿದರೆ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಯಿಂದ ಕೂರಿಸಬಹುದು. ಸಿಗದಿದ್ದರೆ ಆ ಜಾಗ ಖಾಲಿಯೇ ಇರಲಿ. ಪಕ್ಕದ್ದನ್ನು ನೋಡಿ ಹೊಸದು ಕೆತ್ತಿಸಿದರೆ, ಸಾಲಿನಲ್ಲಿ ಬೇಕೆಂದೇ ಬೇರೆ ಮಾಡಿದ ಒಂದು ಗೋಪುರವೇನಾದರೂ ಅಲ್ಲಿದ್ದಿದ್ದರೆ ಅದರ ಸಾಕ್ಷಿಯನ್ನು ನಾವೇ ಅಳಿಸಿದಂತೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದವು. ಆ ಹುರುಪಿನಲ್ಲಿ, ಮಾದರಿ ಇದೆಯಲ್ಲ, ಅದನ್ನೇ ಹಿಗ್ಗಿಸಿ ಬೇಲೂರಿನ ಗೋಪುರ ಮತ್ತೆ ಏರಿಸಬಾರದೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಖಡಾಖಂಡಿತ: ಬಾರದು. ಮೆಟ್ಟಿಲ ಪಕ್ಕದ ಕಿರುಗುಡಿ ಅಳತೆಪಟ್ಟಿ ಹಿಡಿದು ಮಾಡಿದ್ದಲ್ಲ. ಜಾಗ ಕಿರಿದಾದರೆ ಶಿಲ್ಪಿ ಅಂತಸ್ತು ಕಡಿಮೆ ಮಾಡುತ್ತಾನೆ, ಕತ್ತು ಎಳೆಯುತ್ತಾನೆ. ಗೋಪುರ ಯಾವ ಕುಲದ್ದೆಂದು ಅದು ಹೇಳೀತು. ಎಷ್ಟೆತ್ತರ, ಎಷ್ಟು ಅಂತಸ್ತು, ಎಷ್ಟು ಭಾರ ಎಂದು ಹೇಳಲಾರದು. ಕೆಳಗಿನ ಗೋಡೆಗಳು ಭಾರ ಹೊರಲಾರವೆಂದೇ ಒಮ್ಮೆ ಇಳಿಸಿದ್ದನ್ನು ಅಂದಾಜಿನ ಮೇಲೆ ಮತ್ತೆ ಹೊರಿಸುವುದು ಯಾವ ಸಂರಕ್ಷಣೆ?